ಬುತ್ತಿ ಬಿಟ್ಟುಹೋದ ಪವಾಡ

ಮೊನ್ನೆ ಸಂಜೆ ಬಂಗಾರಪೇಟೆ ಸ್ಟೇಷನ್ನಿನಿಂದ ಹೊರಗೆ ಬಂದೆ. ರಸ್ತೆಯ ಪಕ್ಕದಲ್ಲಿ ಅವರೆಕಾಯಿಯ ರಾಶಿ, ರಾಶಿಯ ನೆತ್ತಿಯ ಮೇಲೆ ಕಾರ್ಬೈಡ್ ದೀಪ. ಅವರೆಯ ಸೊಗಡೂ ಕಾರ್ಬೈಡಿನ ಕೊಳೆತ ಬೆಳ್ಳುಳ್ಳಿಯಂಥ ನಾತವೂ ಒಟ್ಟಿಗೆ ಮೂಗಿಗೆ ಹೊಡೆದವು. ಸರಿಯಾಗಿ ಅದೇ ಹೊತ್ತಿಗೆ ಎದುರಿನ ಛತ್ರದ ಮೈಕಿನಲ್ಲಿ ಯಾರೋ ಭಾಷಣಕಾರರು, "ದೇವರಿದ್ದಾನೆಯೇ ಎಂದು ಕೇಳುವವರು ಮೊದಲು ನಮ್ಮ ಧರ್ಮದ ಇತಿಹಾಸವನ್ನು ಓದಲಿ! ಇತಿಹಾಸವೇ ಸಾಕ್ಷಿ ಮಹನೀಯರೇ, ಇತಿಹಾಸವೇ ಸಾಕ್ಷಿ!" ಎಂದು ಗುಡುಗಿದರು. ಚಪ್ಪಾಳೆ ಬಿತ್ತು. ಕಾಯಿ ಆರಿಸುತ್ತಿದ್ದ ನನ್ನ ಮುಷ್ಟಿ ತಾನಾಗಿ ಬಿಗಿಯಿತು.

"ಏನಪ್ಪಾ, ಕೊಂಡ್ಕೊಳ್ಳೋ ಮುಂಚೇನೇ ಇದುಕಿದ ಬೇಳೆ ಮಾಡ್ತಿದ್ದೀಯಾ?" ಎಂದಳು ಮಾರುವವಳು.

ಅಲ್ಲೇ ನಿಂತು ಆ ಭಾಷಣಕಾರರ ದನಿಯನ್ನು ಅಣಕಿಸಿ ತೋರಿಸಿದೆ, 'ಮಹನೀಯರೇ'ಯಲ್ಲಿ ಬರುವ ಎಂಜಲು ಸಮೇತ. ಅವಳು ನಕ್ಕು ಒಂದು ಹಿಡಿ ಕಾಯಿ ಹೆಚ್ಚಿಗೆ ಹಾಕಿದಳು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಯಾಕೆಂದರೆ ಇತಿಹಾಸ ಹುಟ್ಟುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಅವರೆಕಾಲದಲ್ಲಿ ಅದು ಬಸಿರು ಕಟ್ಟಿತು, ಮುಂದಿನ ಅವರೆಕಾಲಕ್ಕೆ ಹೆರಿಗೆಯಾಯಿತು. ಬಾಣಂತನ ಮಾಡುವ ಪಾಡು ನನ್ನ ಅಕ್ಕನ ತಲೆಗೆ ಬಂತು.

ಆ ವರ್ಷ ನಾನು ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದು, ಅಪ್ಪನ ಕಣ್ಣಿಗೆ ಬೀಳದಿರಲೆಂದು ಅಕ್ಕನ ಮನೆ ಸೇರಿದ್ದೆ. ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ರಸ್ತೆಯಲ್ಲಿ ಅವರ ಹಳ್ಳಿ. ಅಕ್ಕ ಚೌಡಮ್ಮ ಎರಡು ಎಮ್ಮೆ ಕಟ್ಟಿಕೊಂಡಿದ್ದಳು. ಬಾವ ಮುನಿವೆಂಕಟಪ್ಪ ಚಿನ್ನದ ಗಣಿಯಲ್ಲಿ ದಿಮ್ಮಿ ಕಟ್ಟುವವನು. ನೆಲದೊಳಗೆ ಅಗೆದ ಹಾದಿಯ ಚಾವಣಿ ಕುಸಿಯದಂತೆ ಮರದ ಆಸರೆ ಕೊಡುವುದು ಅವನ ಕೆಲಸ. ಬೆಳಗಿನ ರೈಲಿನಲ್ಲಿ ಅವನು ಗಣಿಗೆ, ನಾನು ರಾಬರ್ಟ್‌ಸನ್‌ಪೇಟೆಯ ಟೈಪಿಂಗ್ ಕ್ಲಾಸಿಗೆ. ಹಳ್ಳಿಯಿಂದ ಸ್ಟೇಷನ್ನಿನವರೆಗೆ ಒಂದೇ ಸೈಕಲ್. ಅವನು ತುಳಿಯುತ್ತಿದ್ದ, ನಾನು ಹಿಂದೆ ಕೂತು ಅವನ ಏದುಸಿರನ್ನು ಅವನಿಗೇ ಅಣಕಿಸಿ ಕೇಳಿಸುತ್ತಿದ್ದೆ.

ನನಗೆ ಬರುತ್ತಿದ್ದುದು ಅದೊಂದೇ ವಿದ್ಯೆ. ಗಾರ್ಡಿನ ಕೆಮ್ಮು, ಟಿಕೆಟ್ ಕೇಳುವವರ ಮೂಗುದನಿ, ಕಡಲೆಕಾಯಿ ಮಾರುವವಳ ಅರ್ಧ ತಮಿಳು ಅರ್ಧ ತೆಲುಗಿನ ಬೈಗುಳ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ರೈಲಿನ ಡಬ್ಬಿಯಲ್ಲಿದ್ದವರನ್ನೆಲ್ಲ ಮುಗಿಸಿದ ಮೇಲೆ, ಮಾರ್ಕ್ಸ್‌ಕಾರ್ಡು ಹಿಡಿದುಕೊಂಡು ಅಪ್ಪನ ಮುಂದೆ ನಿಂತ ಒಬ್ಬ ದಡ್ಡನನ್ನು ಮಾಡಿ ತೋರಿಸುತ್ತಿದ್ದೆ. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ನಗು ಬೀಳುತ್ತಿತ್ತು. ಪಾತ್ರದ ಪರಿಚಯ ಚೆನ್ನಾಗಿತ್ತಲ್ಲ.

ಬಾವ ನನಗೆ ಒಂದು ಹೊಸ ದನಿ ಕಲಿಸಿದ. "ಬಂಡೇನೂ ಮಾತಾಡ್ತೈತೆ ಕಣ್ಲಾ. ಕಬ್ಬಿಣದ ಸಲಾಕೇಲಿ ಮ್ಯಾಕೆ ತಟ್ಟಬೇಕು. ಗಟ್ಟಿ ಇದ್ರೆ ಟಣ್ ಅಂತೈತೆ. ಒಳಗೆ ಬಿಟ್ಕೊಂಡಿದ್ರೆ ಡಬ್ ಅಂತೈತೆ. ಡಬ್ ಅಂದ್ರೆ ಅಲ್ಲಿ ನಿಂತ್ಕೋಬಾರ್ದು." ಆಮೇಲೆ ನನ್ನ ತಲೆಗೆ ಬೆರಳಿನಿಂದ ಕುಟ್ಟಿ, ಕಿವಿಗೊಟ್ಟು, "ಡಬ್ ಅಂತೈತಲ್ಲಾ! ಎಲ್ರೂ ದೂರ ಓಗ್ರಪ್ಪೋ!" ಎಂದು ಡಬ್ಬಿಯವರನ್ನೆಲ್ಲ ಎಚ್ಚರಿಸುತ್ತಿದ್ದ.

ಗಣಿಗೆ ಇಳಿಯುವ ಬಾವಿಯಾದ ಶಾಫ್ಟಿನ ಬಾಯಿಯ ಹತ್ತಿರ, ಬೇವಿನ ಮರದ ಬುಡದಲ್ಲಿ ಒಂದು ಕಲ್ಲಿತ್ತು. ಗಣಿ ಗಂಗಮ್ಮ ಎನ್ನುತ್ತಿದ್ದರು. ಇಳಿಯುವವರು ಅಲ್ಲಿ ಬೆರಳದ್ದಿ ಹಣೆಗೊಂದು ಕುಂಕುಮ ಇಟ್ಟುಕೊಂಡು ಕೆಳಗಿಳಿಸುವ ಕಬ್ಬಿಣದ ಪಂಜರ ಹತ್ತುತ್ತಿದ್ದರು. ಅದು ಭಕ್ತಿಯೋ ಅಭ್ಯಾಸವೋ ಯಾರೂ ಕೇಳಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಅವರೆಕಾಯಿ ಮೊದಲು ಬಂದ ವಾರವೇ ಏರ್‌ಬ್ಲಾಸ್ಟ್ ಆಯಿತು. ಆಳದಲ್ಲಿ ಬಂಡೆ ತಾನಾಗಿ ಸಿಡಿಯುವುದನ್ನು ಗಣಿಯವರು ಹಾಗೆನ್ನುತ್ತಾರೆ. ನಾನು ಟೈಪಿಂಗ್ ಕ್ಲಾಸಿನಲ್ಲಿದ್ದೆ. ನೆಲ ಒಮ್ಮೆ ಜಾಡಿಸಿತು, ಗೋಡೆಯ ಸುಣ್ಣ ಉದುರಿತು, ನಾನು ಮುಟ್ಟದೆಯೇ ಯಂತ್ರ ಹಾಳೆಯ ಮೇಲೆ ಒಂದು ಅಕ್ಷರ ಹೊಡೆಯಿತು. ಆ ವರ್ಷ ನನ್ನ ಯಂತ್ರ ತಪ್ಪಿಲ್ಲದೆ ಹೊಡೆದದ್ದು ಅದೊಂದೇ ಎಂದು ಆಮೇಲೆ ಎಲ್ಲರಿಗೂ ಹೇಳಿ ನಗಿಸಬೇಕೆಂದುಕೊಂಡೆ. ಹೇಳುವ ಸಂದರ್ಭ ಬರಲಿಲ್ಲ. ಸಂಜೆಯ ಹೊತ್ತಿಗೆ ಬಾವನನ್ನು ಮೇಲೆ ತಂದರು. ಅವನ ಜೊತೆಗಿದ್ದ ನಮ್ಮ ಹಳ್ಳಿಯವನೇ ಆದ ಚಿನ್ನಪ್ಪ ಮಾತ್ರ ಜೀವಸಹಿತ ಸಿಕ್ಕಿದ.

ಚಿನ್ನಪ್ಪ ತಲೆಗೆ ಪಟ್ಟಿ ಕಟ್ಟಿಕೊಂಡು ಮತ್ತೆ ರೈಲು ಹತ್ತಿದ ಮೊದಲ ದಿನ ನನ್ನ ಎದುರಿಗೇ ಕೂತ. ಯಾರೋ "ಏನಾಯ್ತಪ್ಪಾ?" ಅಂದರು. ಕಿಟಕಿಯ ಕಡೆ ನೋಡುತ್ತ, ಲೆಕ್ಕ ಒಪ್ಪಿಸುವವನ ಹಾಗೆ ಹೇಳಿದ:

"ಮುನಿವೆಂಕಟಣ್ಣ ಬಂಡೆ ತಟ್ಟಿ ನೋಡ್ದ. ಡಬ್ ಅಂತೈತೆ, ಆಚೀಕೆ ಓಗ್ಲಾ ಅಂದ. ನನ್ ಬುತ್ತಿ ಅಲ್ಲೈತೆ ಅಣ್ಣಾ ಅಂದೆ. ಬುತ್ತಿ ಮನೆ ಆಳಾಗ ಅಂತ ಬೆನ್ನಿಗೆ ಕೈ ಆಕಿ ನೂಕ್ದ. ಪಕ್ಕದ ಸಂದೀಗೆ ಬಿದ್ದೆ. ದೀಪ ಆರೋಯ್ತು. ಅಣ್ಣಾ ಅಂದೆ. ಅಣ್ಣಾ ಅಂದೆ. ಅಷ್ಟೆ."

ಬೇರೆಯವರು ದುಃಖ ಬಂದರೆ ಅಳುತ್ತಾರೆ. ನಾನು ಕಲಿತುಕೊಳ್ಳುತ್ತೇನೆ. ಅದು ನನ್ನ ಹುಟ್ಟುಗುಣ, ಮರ್ಯಾದೆಗೆಟ್ಟದ್ದು. ಆ ಮಾತುಗಳು, ಅವುಗಳ ನಡುವಿನ ಉಸಿರು, ಎರಡನೆಯ 'ಅಣ್ಣಾ' ಮೊದಲನೆಯದಕ್ಕಿಂತ ಸಣ್ಣಗಾದದ್ದು, ಎಲ್ಲವೂ ರೈಲು ಕೊನೆಯ ನಿಲ್ದಾಣ ಮಾರಿಕುಪ್ಪ ತಲುಪುವ ಹೊತ್ತಿಗೆ ನನ್ನ ಗಂಟಲಿಗೆ ಇಳಿದುಹೋಗಿತ್ತು.

ಈಗ ಹಿಸ್ಟರಿ ಮೇಷ್ಟ್ರನ್ನು ಕರೆತರಬೇಕು. ನನ್ನನ್ನು ಫೇಲು ಮಾಡಿದವರಲ್ಲಿ ಇವರೂ ಒಬ್ಬರು, ಆದರೆ ಅದು ದ್ವೇಷದ ವಿಷಯವಲ್ಲ. ಆ ಸಾಲಿನಲ್ಲಿ ಬಹಳ ಮಂದಿ ಇದ್ದರು. ಕರೀ ಕೋಟು, ಪ್ರತಿ ವಾಕ್ಯದ ಮುಂದೆ "ಏನಪ್ಪಾ ಅಂದರೆ", ಹಿಂದೆ ಒಂದು "ಹ್ಞೂಂ". ಒಳ್ಳೆಯ ಮನುಷ್ಯ. ಅದೇ ತೊಂದರೆ. ಆ ವರ್ಷ ನಿವೃತ್ತರಾಗಿ, ಬಂಗಾರಪೇಟೆಗೆ ಬಂದು ನೆಲೆಸಿ, ಕಲಿಸಲು ಯಾರೂ ಇಲ್ಲದೆ, ಗಂಗಮ್ಮನ ಕಲ್ಲಿಗೊಂದು ಗುಡಿ ಕಟ್ಟಿಸುವ ಕಮಿಟಿ ಸೇರಿಕೊಂಡಿದ್ದರು. ಗುಡಿ ಎಂದ ಮೇಲೆ ಅದಕ್ಕೊಂದು ಚರಿತ್ರೆ ಬೇಡವೇ? ದಿನವೂ ನಮ್ಮ ಡಬ್ಬಿಗೇ ಬಂದು ಚಿನ್ನಪ್ಪನ ಪಕ್ಕ ಕೂತು ವಿಚಾರಿಸತೊಡಗಿದರು.

"ಏನಪ್ಪಾ ಅಂದರೆ ಚಿನ್ನಪ್ಪ, ನೂಕಿದ ಕೈ ಯಾರದ್ದು ಅಂತ ನೀನು ಕಣ್ಣಿಂದ ನೋಡಿದೆಯಾ? ಹ್ಞೂಂ?"

"ಬೆನ್ನ ಇಂದೆ ಇತ್ತಲ್ಲಾ ಸ್ವಾಮಿ, ಎಂಗ್ ನೋಡ್ಲಿ?"

"ಅಂದರೆ ನೋಡಲಿಲ್ಲ. ನೋಡದ್ದನ್ನು ನೋಡಿದೆ ಅನ್ನಬಾರದು, ಅದು ಸಾಕ್ಷಿ ಆಗೋದಿಲ್ಲ. ಹ್ಞೂಂ. ಕೈ ಹೇಗಿತ್ತು? ಬಿಸಿಯೋ, ತಣ್ಣಗೋ?"

ಚಿನ್ನಪ್ಪ ಪಾಪ, ಯೋಚಿಸಿದ. ಮೇಷ್ಟ್ರು ಕೇಳಿದ ಮೇಲೆ ಉತ್ತರ ಕೊಡಬೇಕು. ಶಾಲೆಗೆ ಹೋಗದವರಿಗೇ ಈ ಭಯ ಹೆಚ್ಚು. "ತಣ್ಣಗಿತ್ತೇನೋ ಸ್ವಾಮಿ," ಎಂದ.

ಯುಗಾದಿಯ ಹೊತ್ತಿಗೆ 'ಏನೋ' ಬಿದ್ದುಹೋಗಿ ಕೈ ತಣ್ಣಗೇ ಆಯಿತು. ಬೇಸಿಗೆಯಲ್ಲಿ "ಏನಾದರೂ ಸದ್ದು ಕೇಳಿಸಿತಾ? ಬಳೆ ಗಿಳೆ?" ಎಂಬ ಪ್ರಶ್ನೆ ಬಂತು, ಮಳೆ ಬೀಳುವಷ್ಟರಲ್ಲಿ ಬಳೆ ಬಂತು. ಶ್ರಾವಣಕ್ಕೆ ಮಲ್ಲಿಗೆಯ ಪರಿಮಳ. ನವರಾತ್ರಿಗೆ ಕೆಂಪು ಸೀರೆಯ ಸೆರಗು. ಪ್ರತಿ ಹೊಸ ಮಾತಿಗೂ ಡಬ್ಬಿಯ ಜನ "ಆಹಾ" ಎನ್ನುತ್ತಿದ್ದರು, ಚಿನ್ನಪ್ಪನ ಮುಖಕ್ಕೆ ಒಂದು ಕಳೆ ಬರುತ್ತಿತ್ತು. ಎಷ್ಟು ಜನ ನಿಮ್ಮ ಕಡೆ ನೋಡಿ ಆಹಾ ಎಂದಿದ್ದಾರೆ? ನನಗೆ ಆ ರುಚಿ ಗೊತ್ತು. ಅದಕ್ಕಾಗಿಯೇ ಅಲ್ಲವೇ ನಾನು ಗಾರ್ಡಿನ ಕೆಮ್ಮು ಕೆಮ್ಮುತ್ತಿದ್ದುದು? ಅವನು ಸುಳ್ಳು ಹೇಳಲಿಲ್ಲ. ಅದನ್ನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ಇವತ್ತು ಹೇಳಿದ್ದನ್ನು ನಾಳೆ ಅವನೇ ನೆನಪು ಎಂದು ನಂಬುತ್ತಿದ್ದ, ನಂಬಿದ್ದರ ಮೇಲೆ ನಾಡಿದ್ದು ಇನ್ನೊಂದು ಇಟ್ಟಿಗೆ ಇಡುತ್ತಿದ್ದ. ಗುಡಿಯ ಗೋಡೆಯೂ ಹಾಗೇ ಏಳುತ್ತಿತ್ತು. ಇಷ್ಟೆಲ್ಲ ಬಂದು ಸೇರಿದ ಮೇಲೆ ಕಾಣೆಯಾದದ್ದು ಒಂದೇ: ಬುತ್ತಿ. ಗಂಗಮ್ಮ ಪ್ರತ್ಯಕ್ಷಳಾಗುವ ಜಾಗದಲ್ಲಿ ಮುದ್ದೆಯ ಡಬ್ಬಿಗೆ ಏನು ಕೆಲಸ?

ಕೆಂಪು ಸೀರೆ ಬಂದ ದಿನ ನನಗೆ ತಡೆಯಲಾಗಲಿಲ್ಲ. "ಸಾರ್, ದೀಪ ಆರಿಹೋಗಿತ್ತು. ಭೂಮಿಯ ಹೊಟ್ಟೆಯೊಳಗೆ. ಅಲ್ಲಿ ಸೀರೆ ಕೆಂಪು ಅಂತ ಹೇಗೆ ಕಾಣಿಸಿತು?"

"ಅದೇ ಪವಾಡ," ಎಂದರು ಮೇಷ್ಟ್ರು. ಆಮೇಲೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುವ ಹಳೆಯ ಉತ್ಸಾಹದಿಂದ, "ಅಶೋಕನನ್ನು ನೋಡಿದ್ದೀಯೇನೋ?" ಎಂದರು.

"ಇಲ್ಲ ಸಾರ್."

"ಇದ್ದ ಅಂತ ನಂಬುತ್ತೀಯೋ ಇಲ್ಲವೋ?"

"ಅವನ ಬಗ್ಗೆ ಎರಡು ಪುಟ ಬರೆದೆ ಸಾರ್, ನೀವೇ ನಂಬಲಿಲ್ಲ."

ಡಬ್ಬಿ ನಕ್ಕಿತು. ಮೇಷ್ಟ್ರೂ ನಕ್ಕರು. ಆಮೇಲೆ ಗಂಭೀರವಾಗಿ, ನಿಜವಾಗಿಯೂ ನನಗೆ ಅರ್ಥವಾಗಲಿ ಎಂಬ ಆಸೆಯಿಂದ ಹೇಳಿದರು: "ಏನಪ್ಪಾ ಅಂದರೆ, ಹಿಂದಿನವರು ಕಂಡದ್ದನ್ನು ಹೇಳಿದರು, ಕಲ್ಲಿನ ಮೇಲೆ ಕೆತ್ತಿದರು, ನಾವು ನಂಬಿದೆವು. ಅದು ಇತಿಹಾಸ. ಹಾಗೆಯೇ ಯುಗಯುಗಗಳಿಂದ, ದೇಶದೇಶಗಳಲ್ಲಿ, ಲಕ್ಷಾಂತರ ಜನ ಹೇಳುತ್ತ ಬಂದಿದ್ದಾರೆ: ಕಷ್ಟದಲ್ಲಿ ದೇವರು ನನ್ನ ಕೈ ಹಿಡಿದ ಅಂತ. ಇಷ್ಟೂ ಜನ ಸುಳ್ಳರೇ? ಒಬ್ಬನ ಮಾತನ್ನು ತಳ್ಳಬಹುದು. ಇಡೀ ಮನುಷ್ಯಕುಲದ ಸಾಕ್ಷಿಯನ್ನು ತಳ್ಳುತ್ತೀಯಾ? ಹ್ಞೂಂ?"

ಪ್ರಶ್ನೆ ಚೆನ್ನಾಗಿತ್ತು. ಈಗಲೂ ಚೆನ್ನಾಗಿಯೇ ಇದೆ. ಅದಕ್ಕೇ ನನಗೆ ಇಷ್ಟು ಸಿಟ್ಟು. ಲಕ್ಷಾಂತರ ಸಾಕ್ಷಿಗಳಲ್ಲಿ ಒಬ್ಬನ ಎದುರಿಗೆ ನಾನು ವರ್ಷವಿಡೀ ಕೂತಿದ್ದೆ. ಉಳಿದವರ ಎದುರಿಗೂ ಹೀಗೇ ಒಬ್ಬೊಬ್ಬ ಮೇಷ್ಟ್ರು ಕೂತಿದ್ದರೋ ಏನೋ, ನೋಡಿದವರಾರು? ಅವರಲ್ಲಿ ಯಾರಿಗೋ ದೇವರು ನಿಜವಾಗಿಯೇ ಕಂಡಿರಬಹುದು, ನನ್ನ ಅಡ್ಡಿಯಿಲ್ಲ. ಆದರೆ ರಾಶಿ ದೊಡ್ಡದಾದ ಮಾತ್ರಕ್ಕೆ ಹುಳುಕು ಕಾಯಿ ಗಟ್ಟಿಯಾಗುತ್ತದೆಯೇ?

ಇಷ್ಟಕ್ಕೇ ನಿಂತಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಗಂಗಮ್ಮನಿಗೆ ಕೆಂಪು ಸೀರೆ ಉಡಿಸಿದರೆ ನನ್ನ ಗಂಟೇನು ಹೋಗಬೇಕು? ಆದರೆ ದೀಪಾವಳಿಯ ಆಚೀಚೆ ಯಾರೋ ಸಹಜವಾಗಿ ಒಂದು ಮಾತು ಕೇಳಿದರು. "ಅಮ್ಮ ಚಿನ್ನಪ್ಪನ್ನ ಉಳಿಸಿದ್ಳು, ಸರಿ. ಮುನಿವೆಂಕಟಪ್ಪನ್ನ ಯಾಕೆ ಬಿಟ್ಳು?"

ಮಾರನೆಯ ದಿನ ಉತ್ತರ ಸಿದ್ಧವಾಗಿತ್ತು. ಯಾರು ಹೇಳಿದ್ದೆಂದು ಇವತ್ತಿಗೂ ಗೊತ್ತಿಲ್ಲ. ಇಂಥ ಮಾತುಗಳಿಗೆ ಅಪ್ಪ ಇರುವುದಿಲ್ಲ, ನೂರು ಜನ ಚಿಕ್ಕಪ್ಪಂದಿರಿರುತ್ತಾರೆ. ಆವತ್ತು ಮುನಿವೆಂಕಟಪ್ಪ ಅಮ್ಮನಿಗೆ ಕೈ ಮುಗಿಯದೆ, ಕುಂಕುಮ ಇಟ್ಟುಕೊಳ್ಳದೆ ಪಂಜರ ಹತ್ತಿದನಂತೆ. ನೋಡಿದರಾ? ಪವಾಡಕ್ಕೊಬ್ಬ ಪಾಪಿ ಬೇಕಾಯಿತು. ಉಳಿದವನನ್ನು ದೇವಿ ಉಳಿಸಿದಳು ಎಂದ ಮೇಲೆ, ಸತ್ತವನು ಏನೋ ಮಾಡಿರಲೇಬೇಕಲ್ಲ! ಒಬ್ಬನನ್ನು ನೂಕಿ ಬದುಕಿಸಿ ತಾನು ಬಂಡೆಯ ಕೆಳಗೆ ಉಳಿದವನು ಈಗ ದೈವದ್ರೋಹಿ.

ಮಾತು ರೈಲಿನಿಂದ ಇಳಿದು ಹಳ್ಳಿಗೆ ಬಂತು. ಗಣಿಗೆ ಇಳಿಯುವವರ ಹೆಂಡತಿಯರು ಅಕ್ಕನ ಕೊಟ್ಟಿಗೆಯ ಹತ್ತಿರ ಬಂದು ನಿಂತರು. ಅವರಲ್ಲಿ ಕೇಡು ಇರಲಿಲ್ಲ, ಹೆದರಿಕೆ ಇತ್ತು.

"ಚೌಡಕ್ಕಾ, ಗುಡಿ ಪ್ರತಿಷ್ಠೆ ದಿನ ಬಂದು ಅಮ್ಮನ ಮುಂದೆ ತಪ್ಪಾಯ್ತು ಅಂತ ಒಂದು ಕಾಯಿ ಒಡೆದ್ಬಿಡು. ನಮ್ಮೋರು ದಿನಾ ಇಳೀತಾವ್ರೆ. ಆಯಮ್ಮನ ಕ್ವಾಪ ಅಂಗೇ ನಿಂತಿದ್ರೆ ಎಂಗೆ?"

ಅಕ್ಕ ಎಮ್ಮೆಯ ಕೆಚ್ಚಲಿನಿಂದ ಕೈ ತೆಗೆಯದೆ, "ಯಾರ ತಪ್ಪು?" ಎಂದಳು.

"ನಿಮ್ಮೆಜಮಾನ್ರದು," ಎಂದರು, ತಲೆ ತಗ್ಗಿಸಿ.

ಅವರು ಹೋದ ಮೇಲೆ ನಾನು ಅಂಗಳದಲ್ಲಿ ನಿಂತು ಊರಿನ ಒಬ್ಬೊಬ್ಬರನ್ನೇ ಅಣಕಿಸಿ ಬೈದೆ. ಅಕ್ಕ ಹಾಲಿನ ಚೆಂಬು ಇಟ್ಟು ಹೇಳಿದಳು: "ಅವರ ಮೈ ತೊಳೆದೋಳು ನಾನು. ಅಣೆ ಒರೆಸ್ದಾಗ ದೂಳಿನ ಕೆಳಗೆ ಕುಂಕುಮ ಇತ್ತು. ಅಂಗೇ ಇತ್ತು."

"ಇದನ್ನ ಯಾಕೆ ಯಾರಿಗೂ ಹೇಳಲಿಲ್ಲ?"

"ಯಾರ್ ಕೇಳಿದ್ರು?"

ನಾನು ಸೈಕಲ್ ತುಳಿದುಕೊಂಡು ಮೇಷ್ಟ್ರ ಮನೆಗೆ ಹೋದೆ. ಕುಂಕುಮದ ವಿಷಯ ಹೇಳಿದೆ. ಅವರು ಬಹಳ ಹೊತ್ತು ಕೋಟಿನ ಗುಂಡಿ ತಿರುಗಿಸಿದರು. "ಏನಪ್ಪಾ ಅಂದರೆ, ಹೆಂಡತಿಯ ಮಾತು. ಗಂಡನ ಪರವಾಗಿಯೇ ಇರುತ್ತದೆ. ಸಾಕ್ಷಿ ಅಂತ ತೆಗೆದುಕೊಳ್ಳೋದು ಕಷ್ಟ. ಹ್ಞೂಂ."

ಅವರ 'ಹ್ಞೂಂ' ಅವತ್ತು ಬಹಳ ಸಣ್ಣಗಿತ್ತು. ಅದನ್ನೂ ಕಲಿತುಕೊಂಡೆ. ಮಲ್ಲಿಗೆ, ಬಳೆ, ಕತ್ತಲಲ್ಲಿ ಕೆಂಪು ಸೀರೆ, ಇವೆಲ್ಲ ಸಾಕ್ಷಿ! ತನ್ನ ಕೈಯಿಂದ ಒರೆಸಿದ ಹಣೆ ಸಾಕ್ಷಿಯಲ್ಲ! ಆವತ್ತು ವಾಪಸ್ಸು ಬರುತ್ತ ದಾರಿಯುದ್ದಕ್ಕೂ ನಾನು ಮಾತಾಡಿದ್ದು ನನ್ನ ಸ್ವಂತ ದನಿಯಲ್ಲಿ. ಯಾರದ್ದೂ ನೆನಪಿಗೆ ಬರಲಿಲ್ಲ.

ಪ್ರತಿಷ್ಠೆಯ ದಿನ ಬೆಳಿಗ್ಗೆ ಶಾಫ್ಟಿನ ಹತ್ತಿರ ಚಪ್ಪರ, ಮಾವಿನ ತೋರಣ, ಮೈಕು. ಅವರೆಕಾಯಿ ಮತ್ತೆ ಬಂದಿತ್ತು; ಅಡುಗೆಯವರ ಒಲೆಯಿಂದ ಅದೇ ಸೊಗಡು. ಜನ ಸಾಲುಸಾಲಾಗಿ ಬಂದರು, ಕನ್ನಡದವರು, ತಮಿಳರು, ತೆಲುಗರು. ಚಿನ್ನಪ್ಪನಿಗೆ ಹೊಸ ಪಂಚೆ, ಕೊರಳಲ್ಲಿ ಸೇವಂತಿಗೆ ಹಾರ. ಅಕ್ಕ ತಟ್ಟೆಯಲ್ಲಿ ಕಾಯಿ ಇಟ್ಟುಕೊಂಡು ಹೆಂಗಸರ ನಡುವೆ ನಿಂತಿದ್ದಳು. ಬರುವುದಿಲ್ಲ ಅನ್ನುತ್ತಾಳೆಂದುಕೊಂಡಿದ್ದೆ. ಬಂದಿದ್ದಳು. ಅವಳ ಮುಖ ನೋಡಿ ನನಗೆ ಏನೂ ತಿಳಿಯಲಿಲ್ಲ.

ಮೇಷ್ಟ್ರು ಗುಡಿಯ ಚರಿತ್ರೆ ಶುರು ಮಾಡಿ, ಚಿನ್ನಪ್ಪನನ್ನು ಮೈಕಿನ ಮುಂದೆ ನಿಲ್ಲಿಸಿದರು. ಅಷ್ಟು ಜನವನ್ನು ನೋಡಿ ಅವನ ನಾಲಿಗೆ ಅಂಟಿಕೊಂಡಿತು. "ಅಮ್ಮ... ಅಮ್ಮ..." ಎಂದು ನಿಂತುಬಿಟ್ಟ. ಆಗ ಮೇಷ್ಟ್ರ ಕಣ್ಣು ನನ್ನ ಮೇಲೆ ಬಿತ್ತು. ಅವರ ಮುಖ ಅರಳಿತು. "ಬಾರೋ ಇಲ್ಲಿ! ಏನಪ್ಪಾ ಅಂದರೆ, ಚಿನ್ನಪ್ಪನ ದನಿ ಇವನಿಗೆ ಥೇಟು ಬರುತ್ತದೆ. ಅವನು ಹೇಳಿದ ಹಾಗೇ ಹೇಳಪ್ಪಾ. ನಿನ್ನ ಗಂಟಲಿಗೂ ಇವತ್ತೊಂದಿಷ್ಟು ಪುಣ್ಯ ಬರಲಿ."

ಅವನು ಹೇಳಿದ ಹಾಗೇ! ಮೇಷ್ಟ್ರೇ, ನೀವು ನನಗೆ ಕೊಟ್ಟ ಒಂದೇ ಸುಲಭದ ಪ್ರಶ್ನೆ ಅದು.

ಮೈಕು ಹಿಡಿದು ಕಿಟಕಿಯ ಕಡೆ ನೋಡುವವನ ಹಾಗೆ ಕತ್ತು ತಿರುಗಿಸಿದೆ. ಜನ ಆಗಲೇ ನಕ್ಕರು. ಚಿನ್ನಪ್ಪ ಹಾಗೇ ಕೂರುವುದು.

"ಮುನಿವೆಂಕಟಣ್ಣ ಬಂಡೆ ತಟ್ಟಿ ನೋಡ್ದ," ಎಂದೆ.

ನಗು ನಿಂತಿತು. ಆಮೇಲಿನದು ಚಿನ್ನಪ್ಪನ ಬಾಯಲ್ಲಿ ಬಂದ ಬಾವನ ಮಾತು. ಬಾವ ಹೋದ ಮೇಲೆ ಅವನ ದನಿಯನ್ನು ನಾನು ಒಮ್ಮೆಯೂ ತೆಗೆದಿರಲಿಲ್ಲ. ತೆಗೆಯಲು ಧೈರ್ಯವಿರಲಿಲ್ಲ. ಅದು ತಾನಾಗಿ ಬಂತು. "ಡಬ್ ಅಂತೈತೆ, ಆಚೀಕೆ ಓಗ್ಲಾ." ಹೆಂಗಸರ ಸಾಲಿನಲ್ಲಿ ತಟ್ಟೆಯ ಮೇಲೆ ಕಾಯಿ ಉರುಳಿದ ಸದ್ದು ಕೇಳಿಸಿತು. ನಾನು ನಿಲ್ಲಿಸಲಿಲ್ಲ. "ನನ್ ಬುತ್ತಿ ಅಲ್ಲೈತೆ ಅಣ್ಣಾ ಅಂದೆ. ಬುತ್ತಿ ಮನೆ ಆಳಾಗ ಅಂತ ಬೆನ್ನಿಗೆ ಕೈ ಆಕಿ ನೂಕ್ದ. ಪಕ್ಕದ ಸಂದೀಗೆ ಬಿದ್ದೆ. ದೀಪ ಆರೋಯ್ತು. ಅಣ್ಣಾ ಅಂದೆ." ಎರಡನೆಯದನ್ನು ಸಣ್ಣಗೆ ಹೇಳಿದೆ. "ಅಣ್ಣಾ ಅಂದೆ. ಅಷ್ಟೆ."

ಮೇಷ್ಟ್ರು ಮೈಕು ಕಿತ್ತುಕೊಂಡರು. "ಇದು ಮಿಮಿಕ್ರಿ! ಮಿಮಿಕ್ರಿಯನ್ನು ಸಾಕ್ಷಿ ಅಂತ ಯಾರೂ ತೆಗೆದುಕೊಳ್ಳೋದಿಲ್ಲ!"

"ಮತ್ತೆ ಶಾಸನ ಏನು ಸಾರ್?" ಎಂದು ಮೈಕಿಲ್ಲದೆಯೇ ಕಿರುಚಿದೆ. "ರಾಜನ ಮಾತನ್ನ ಕಲ್ಲು ಅಣಕಿಸೋದಲ್ಲವಾ? ನಾನು ಮೊದಲನೇ ದಿನ ಕೇಳಿದ್ದನ್ನ ಇಟ್ಟುಕೊಂಡಿದ್ದೀನಿ. ಇಲ್ಲಿರೋ ಅರ್ಧ ಜನ ಆವತ್ತು ಡಬ್ಬೀಲಿದ್ದರು. ಕೇಳಿ! ಬಳೆ ಕೇಳಿದ ಹಾಗೆ ಬುತ್ತೀನೂ ಒಂದು ಸಲ ಕೇಳಿ!"

ಗುಂಪಿನೊಳಗಿಂದ ಯಾರೋ ಮೆಲ್ಲಗೆ, "ಔದು. ಮೊದಲು ಅಂಗೇ ಅಂದಿದ್ದ," ಎಂದರು.

ಎಲ್ಲರೂ ಚಿನ್ನಪ್ಪನ ಕಡೆ ತಿರುಗಿದರು. ಅವನು ನನ್ನ ಹತ್ತಿರ ಬಂದ. ಹೊಡೆಯುತ್ತಾನೆಂದುಕೊಂಡು ಮುಖ ಮುಚ್ಚಿಕೊಂಡೆ. ಅವನು ಕೇಳಿದ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ: "ನಾನು ಇಂಗೆ ಏಳಿದ್ನೇನ್ಲಾ?"

"ಹೇಳಿದ್ದೆ ಕಣೋ."

"ಬುತ್ತಿ..." ಎಂದ. "ಮುದ್ದೆ ಇತ್ತು ಕಣ್ಲಾ ಅದ್ರಾಗೆ. ಅವರೆಕಾಳು ಸಾರು. ಅಣ್ಣಂಗೂ ಸೇರಿಸಿ ಕಟ್ಸ್ಕೊಂಡು ಓಗಿದ್ದೆ." ಆಮೇಲೆ ಹಾರ ಹಾಕಿಕೊಂಡಿದ್ದ ಹಾಗೇ ನೆಲದ ಮೇಲೆ ಕೂತು, ವರ್ಷವಿಡೀ ಅಳದೆ ಉಳಿಸಿಕೊಂಡಿದ್ದನ್ನು ಅತ್ತ.

ಅಕ್ಕ ಜನರ ನಡುವೆ ದಾರಿ ಮಾಡಿಕೊಂಡು ಗುಡಿಯ ಬಾಗಿಲಿಗೆ ನಡೆದಳು. ಕಾಯಿ ಒಡೆಯಲಿಲ್ಲ. ತಟ್ಟೆಯನ್ನು ಹೊಸ್ತಿಲ ಮೇಲೆ ಇಟ್ಟು, ಪಕ್ಕದ ಮನೆಯವಳ ಜೊತೆ ಆಡುವ ದನಿಯಲ್ಲಿ ಹೇಳಿದಳು: "ತಪ್ಪಾಯ್ತು ಅನ್ನೋಕೆ ಬಂದಿಲ್ಲ ಕಣಮ್ಮಾ. ಅವರು ನಿನ್ ಕುಂಕುಮ ಇಟ್ಕೊಂಡೇ ಇಳಿದ್ರು. ಒರೆಸ್ದೋಳು ನಾನು. ಈಗ ನೀನೇಳು." ಸ್ವಲ್ಪ ಹೊತ್ತು ನಿಂತಳು, ಉತ್ತರ ಬರುವಷ್ಟು ಹೊತ್ತು. ಆಮೇಲೆ ತಿರುಗಿ ಸ್ಟೇಷನ್ನಿನ ದಾರಿ ಹಿಡಿದಳು. ಯಾರೂ ತಡೆಯಲಿಲ್ಲ.

ರೈಲಿನಲ್ಲಿ ನಾನು ಗೆದ್ದ ಜಟ್ಟಿ. "ನೋಡಿದೆಯಾ ಅಕ್ಕಾ? ಸಾಬೀತಾಯಿತು! ಇಷ್ಟೇ ಇವರ ಇತಿಹಾಸ. ದೇವರೂ ಇಲ್ಲ, ಗೀವರೂ ಇಲ್ಲ!"

"ಬಾಯ್ಮುಚ್ಲಾ!" ಎಂದಳು. ಮೇಷ್ಟ್ರ ಮೇಲೆ ಬಾರದ ಸಿಟ್ಟು ನನ್ನ ಮೇಲೆ ಬಂದಿತ್ತು. "ಅವರು ಪುರಾಣ ಕಟ್ಟಿದ್ರೆ ಅವಳೇನ್ ಮಾಡ್ತಾಳೆ? ಅವಳೇನ್ ಬಾ ಅಂದ್ಳಾ ಸಾಕ್ಷಿ ಏಳೋಕೆ? ನಾನು ಇನ್ನೂ ಅವಳ್ನ ಕೇಳೋದೈತೆ. ಅವಳಿಲ್ದೇ ಓದ್ರೆ ನಾನ್ಯಾರ್ ತಾವ ಜಗಳಾಡ್ಲಿ?"

ಬಂಗಾರಪೇಟೆಯವರೆಗೆ ನಾನು ಯಾರನ್ನೂ ಅಣಕಿಸಲಿಲ್ಲ.

ನಾನು ಗೆದ್ದೆನೇ? ಕೇಳಿ. ಸಂಕ್ರಾಂತಿಯ ಹೊತ್ತಿಗೆ ಚರಿತ್ರೆ ಮತ್ತೆ ಎದ್ದು ಕೂತಿತ್ತು, ಹೊಸ ಸೀರೆ ಉಟ್ಟುಕೊಂಡು. ಈಗ ಅಮ್ಮ ಸ್ವತಃ ಬಂದಿರಲಿಲ್ಲವಂತೆ. ಮುನಿವೆಂಕಟಪ್ಪನ ಕೈಯೊಳಗೆ ಹೊಕ್ಕು ನೂಕಿದಳಂತೆ. ಮೇಷ್ಟ್ರು ನನ್ನನ್ನು ಕಂಡು, ಸಂಧಾನಕ್ಕೆ ಬಂದವರ ಹಾಗೆ ಮೆದುವಾಗಿ, "ಈಗ ನಿನ್ನ ಬಾವನಿಗೂ ಗೌರವ ಬಂತಲ್ಲಪ್ಪಾ," ಎಂದರು. ಪಾಪಿಯ ಪಟ್ಟ ಇಳಿಯಿತು, ನಿಜ. ಕೊಟ್ಟಿಗೆಯ ಮುಂದೆ ಯಾರೂ ಬಂದು ನಿಲ್ಲಲಿಲ್ಲ, ಅದೂ ನಿಜ. ಆದರೆ ನೋಡಿ, ಬಾವನ ಬಳಿ ಉಳಿದಿದ್ದುದು ಆ ಒಂದು ಕೈ. ಬಂಡೆಯ ದನಿ ಬಲ್ಲ, ದಿಮ್ಮಿ ಹೊತ್ತು ಗಟ್ಟಿಯಾದ, ನನ್ನ ತಲೆ ಕುಟ್ಟಿದ ಕೈ. ಓಡಿ ತಪ್ಪಿಸಿಕೊಳ್ಳಬಹುದಾಗಿದ್ದ ಹೊತ್ತಿನಲ್ಲಿ ಇನ್ನೊಬ್ಬನ ಬೆನ್ನಿಗೆ ಹೋದ ಕೈ. ಅದನ್ನೂ ಅವನದ್ದಲ್ಲ ಎಂದುಬಿಟ್ಟರು! ದೇವರಿಗೆ ಸ್ವಂತ ಕೈಗಳು ಸಾಲವೇ? ಮೊನ್ನೆ ಛತ್ರದ ಮೈಕಿನ ಕೆಳಗೆ ಕೈಯಲ್ಲಿದ್ದ ಅವರೆಕಾಯಿ ಪುಡಿಯಾದದ್ದು ಇದಕ್ಕೆ.

ಆ ಕಾಯಿ ಚೀಲ ಹೊತ್ತು ಅಕ್ಕನ ಮನೆಗೆ ಹೋದೆ. ನಾನೀಗ ಮಾಲೂರಿನಲ್ಲಿ ಗುಮಾಸ್ತ. ಟೈಪು ಹೊಡೆಯುತ್ತೇನೆ, ಸಾಹೇಬರ ಬೆನ್ನ ಹಿಂದೆ ಸಾಹೇಬರಾಗುತ್ತೇನೆ. ಪ್ರತಿ ಅವರೆಕಾಲಕ್ಕೆ ಒಮ್ಮೆ ಬರುವುದು ಪದ್ಧತಿ. ಮೊನ್ನೆಯೂ ಜಗುಲಿಯ ಮೇಲೆ ಕೂತು ನೆನೆಸಿದ ಕಾಳು ಹಿದುಕಿದೆವು. ಬೇಳೆ ಚಿಮ್ಮಿ ತಟ್ಟೆಗೆ ಬೀಳುತ್ತಿತ್ತು. ಪ್ರತಿ ವರ್ಷದ ಹಾಗೆ, ನನ್ನ ಕಡೆ ನೋಡದೆ, "ಆ ಮಾತು ಒಂದ್ಸಲ ಆಡ್ಲಾ," ಎಂದಳು.

ಆಡಿದೆ. "ಡಬ್ ಅಂತೈತೆ, ಆಚೀಕೆ ಓಗ್ಲಾ."

ಅಕ್ಕ ಇನ್ನೊಂದು ಕಾಳು ಹಿದುಕಿದಳು. ಆಮೇಲೆ, "ನಗ್ತಾ ಅಂದಿದ್ರು," ಎಂದಳು.

ನಾನು ತಲೆಯೆತ್ತಿದೆ.

"ಚಿನ್ನಪ್ಪಂಗೆ ಏಳ್ದಾಗ. ನಗ್ತಾನೇ ಅಂದಿದ್ರು. ಅವರಿಗೆ ನಗದೆ ಮಾತೇ ಬರ್ತಿರ್ಲಿಲ್ವಲ್ಲ."

ಚಿನ್ನಪ್ಪನ ಮೊದಲ ಮಾತಿನಲ್ಲಿ ನಗು ಇರಲಿಲ್ಲ. ಅದು ನನ್ನ ಗಂಟಲಿನಲ್ಲಿ, ಉಸಿರು ಸಮೇತ, ಕಲ್ಲಿನಲ್ಲಿ ಕೆತ್ತಿದ ಹಾಗಿದೆ. ಮೇಷ್ಟ್ರ 'ಹ್ಞೂಂ' ನಾಲಿಗೆಯ ತುದಿಗೆ ಬಂತು: ನಗು ನೋಡಿದವರು ಯಾರು? ನುಂಗಿಕೊಂಡೆ. ಸಿಟ್ಟು ಬಂತು. ಯಾರ ಮೇಲೆಂದು ಹುಡುಕಿದೆ, ಜಗುಲಿಯ ಮೇಲೆ ನಾವಿಬ್ಬರೇ ಇದ್ದೆವು.

"ಇನ್ನೊಂದ್ಸಲ ಆಡು," ಎಂದಳು ಅಕ್ಕ. ಕಾಳು ಹಿದುಕುವ ಕೈ ನಿಂತಿತ್ತು. "ನಗ್ತಾ ಆಡು."

ಗಂಟಲು ಸರಿಮಾಡಿಕೊಂಡೆ.